ತಾಳಿಕೋಟೆಯಲ್ಲಿ ಸೋತದ್ದು ಯಾಕೆ? ಮೊದಲು ಪ್ರಶ್ನೆ ಸರಿಮಾಡಿಕೊಳ್ಳೋಣ

ನಮಸ್ಕಾರ. 1565ರ ಜನವರಿಯ ತಾಳಿಕೋಟೆ ಯುದ್ಧದಲ್ಲಿ ದಖ್ಖನಿನ ಸುಲ್ತಾನರ ಎದುರು ವಿಜಯನಗರ ಯಾಕೆ ಸೋತಿತು ಅಂತ ನಾಲ್ಕು ಜನರನ್ನು ಕೇಳಿ. ಒಬ್ಬರು ವಿಜಯನಗರದ ಸೇನೆಯಲ್ಲಿದ್ದ ಗಿಲಾನಿ ಸೋದರರ ದ್ರೋಹ ಅಂತಾರೆ. ಇನ್ನೊಬ್ಬರು ಧರ್ಮಯುದ್ಧ ಅಂತಾರೆ. ಮತ್ತೊಬ್ಬರು ಫಿರಂಗಿ ಅಂತಾರೆ, ಕೊನೆಯವರು ಅಳಿಯ ರಾಮರಾಯನ ಅಹಂಕಾರ ಅಂತಾರೆ. ಆಮೇಲೆ ರಾತ್ರಿಯಿಡೀ ಜಗಳ. ನನ್ನ ಪ್ರಕಾರ ಇವರಲ್ಲಿ ಅರ್ಧಕ್ಕರ್ಧ ಜನ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಲೇ ಇಲ್ಲ. ಇತಿಹಾಸದ ಜಗಳಕ್ಕೆ ವಿಜ್ಞಾನದ ತತ್ತ್ವಶಾಸ್ತ್ರ ಯಾಕೆ ಬೇಕು ಅನ್ನುವವರಿಗೆ ಇದೇ ನನ್ನ ಉತ್ತರ.

ಕಾರ್ಲ್ ಹೆಂಪೆಲ್ ಅನ್ನುವ ತತ್ತ್ವಜ್ಞಾನಿ 1942ರಲ್ಲಿ ಒಂದು ಲೇಖನ ಬರೆದ. ಅದರಲ್ಲಿ ಬರುವ ಉದಾಹರಣೆ ಕಾರಿನ ರೇಡಿಯೇಟರ್‌ದು. ಕಾರನ್ನು ರಾತ್ರಿ ಬೀದಿಯಲ್ಲಿ ಬಿಟ್ಟಿದ್ದಾರೆ. ರೇಡಿಯೇಟರ್ ಕಬ್ಬಿಣದ್ದು, ಕಂಠಮಟ್ಟ ನೀರಿದೆ, ಮುಚ್ಚಳ ಬಿಗಿಯಾಗಿದೆ. ಸಂಜೆ ಸುಮಾರು 4 ಡಿಗ್ರಿ ಸೆಲ್ಸಿಯಸ್ ಇದ್ದದ್ದು ಬೆಳಗಿನ ಹೊತ್ತಿಗೆ ಮೈನಸ್ 4ಕ್ಕೆ ಇಳಿದಿದೆ. ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ, ಹಿಗ್ಗಿದರೆ ಒತ್ತಡ ಏರುತ್ತದೆ, ಕಬ್ಬಿಣ ಇಷ್ಟು ಒತ್ತಡಕ್ಕಿಂತ ಹೆಚ್ಚು ತಾಳಲಾರದು. ಹಾಗಾಗಿ ಒಡೆಯಿತು. ಪರಿಸ್ಥಿತಿ ಒಂದು ಕಡೆ, ನಿಯಮ ಇನ್ನೊಂದು ಕಡೆ, ಎರಡೂ ಸೇರಿದರೆ ಘಟನೆ. ಇತಿಹಾಸದ ವಿವರಣೆಯೂ ಹೀಗೇ ಇರಬೇಕು, ಇಲ್ಲದಿದ್ದರೆ ಅದು ಬರೀ ಕರಡು ಅಂತ ಅವನ ವಾದ.

ಈಗ ತಾಳಿಕೋಟೆಗೆ ಇದನ್ನು ಹಚ್ಚಿ ನೋಡಿ. ‘ಒಂದು ದೊಡ್ಡ ಯುದ್ಧ ಸೋತರೆ ಸಾಮ್ರಾಜ್ಯ ಮುಗಿಯುತ್ತದೆ’ ಅನ್ನುವ ನಿಯಮ ಇದೆಯೇ? 1761ರಲ್ಲಿ ಮರಾಠರು ಪಾಣಿಪತ್ತಿನಲ್ಲಿ ಸರ್ವನಾಶವಾದರು, 1771ರಲ್ಲಿ ಮತ್ತೆ ದಿಲ್ಲಿಯಲ್ಲಿದ್ದರು. ನಿಯಮ ಬಿದ್ದುಹೋಯಿತು. ವಿಜಯನಗರವೇ ಮುಗಿಯಲಿಲ್ಲ ಅನ್ನಿ. ಅರವೀಡು ವಂಶ ಪೆನುಕೊಂಡದಿಂದ, ಆಮೇಲೆ ಚಂದ್ರಗಿರಿಯಿಂದ ದಶಕಗಳ ಕಾಲ ಆಳಿತು. ಇತಿಹಾಸದಲ್ಲಿ ಹೆಂಪೆಲ್ ಕೇಳಿದಂಥ ಗಟ್ಟಿ ನಿಯಮ ಸಿಗುವುದೇ ಅಪರೂಪ, ಅಲ್ಲಿ ಅವನು ಹಟ ಹಿಡಿದದ್ದು ಹೆಚ್ಚಾಯಿತು. ಆದರೆ ಅವನ ಒಂದು ಬೇಡಿಕೆಯನ್ನು ನಾನು ಬಿಟ್ಟುಕೊಡುವುದಿಲ್ಲ: ವಿವರಣೆ ಅಂದಮೇಲೆ ಅದು ತಪ್ಪಾಗಲು ಒಂದು ದಾರಿ ಇರಬೇಕು.

ನಿಯಮದ ಬದಲು ಏನು ಹಿಡಿಯೋಣ? ಬಾಸ್ ವಾನ್ ಫ್ರಾಸೆನ್ ಅನ್ನುವ ಇನ್ನೊಬ್ಬ ತತ್ತ್ವಜ್ಞಾನಿ ಒಂದು ಒಳ್ಳೆಯ ಉಪಾಯ ಹೇಳಿದ್ದಾನೆ. ಪ್ರತಿ ‘ಯಾಕೆ’ಯ ಹಿಂದೆ ಒಂದು ‘ಅದರ ಬದಲು ಇದು ಯಾಕೆ’ ಅಡಗಿರುತ್ತದೆ, ಅದನ್ನು ಬಾಯಿಬಿಟ್ಟು ಹೇಳಿ ಅಂತ. ಹೇಳಿದ ಕೂಡಲೇ ನಮ್ಮ ಒಂದು ಪ್ರಶ್ನೆ ಮೂರಾಗುತ್ತದೆ. ಆ ದಿನ ಗೆಲ್ಲುವ ಬದಲು ಸೋತದ್ದು ಯಾಕೆ? ಸೋತ ಮೇಲೆ ರಾಜಧಾನಿಯನ್ನು ಕಾಯುವ ಬದಲು ಬಿಟ್ಟುಹೋದದ್ದು ಯಾಕೆ? ತಮ್ಮತಮ್ಮಲ್ಲೇ ಕಾದಾಡುತ್ತಿದ್ದ ಸುಲ್ತಾನರು ಇನ್ನಾವಾಗಲೋ ಅಲ್ಲದೆ ಆಗಲೇ ಒಂದಾದದ್ದು ಯಾಕೆ?

ದ್ರೋಹದ ಕಥೆ ಉತ್ತರ ಕೊಟ್ಟರೆ ಮೊದಲನೆಯದಕ್ಕೆ ಮಾತ್ರ. ಅದರ ಬೇರು ಎಲ್ಲಿದೆ? ಚೆಸಾರೆ ಫೆಡೆರಿಚಿ ಅನ್ನುವ ವೆನಿಸ್ಸಿನ ವ್ಯಾಪಾರಿ 1567ರಲ್ಲಿ ವಿಜಯನಗರಕ್ಕೆ ಬಂದು ಏಳು ತಿಂಗಳು ಇದ್ದ. ತಲಾ ಎಪ್ಪತ್ತು ಎಂಬತ್ತು ಸಾವಿರ ಸೈನಿಕರಿದ್ದ ವಿಜಯನಗರದ ಇಬ್ಬರು ಮುಸ್ಲಿಂ ಸೇನಾನಿಗಳು ರಣರಂಗದಲ್ಲಿ ತಿರುಗಿಬಿದ್ದರು ಅಂತ ಬರೆದ. ಕಣ್ಣಾರೆ ಕಂಡದ್ದಲ್ಲ, ಎರಡು ವರ್ಷದ ಮೇಲೆ ಸೋತ ಊರಲ್ಲಿ ಕೇಳಿದ್ದು. ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಶ್ತಾ ದ್ರೋಹದ ಮಾತೇ ಎತ್ತುವುದಿಲ್ಲ. ಅವನು ಹೇಳುವುದು ಮೂರು ಸಾಲಾಗಿ ನಿಲ್ಲಿಸಿದ 600 ಫಿರಂಗಿ, ಹತ್ತಿರ ಬಂದವರ ಮೇಲೆ ತಾಮ್ರದ ನಾಣ್ಯ ತುಂಬಿ ಹೊಡೆದದ್ದು, ಆನೆ ನುಗ್ಗಿ ಬಂದಾಗ ಬೋಯಿಗಳು ರಾಮರಾಯನ ಪಲ್ಲಕ್ಕಿ ಕೆಡವಿ ಓಡಿದ್ದು.

ಇಲ್ಲಿ ಎಲ್ಲರೂ ಎಡವುತ್ತಾರೆ. ‘ಫೆಡೆರಿಚಿ ಬರೆದಿದ್ದಾನೆ, ಸಾಕ್ಷಿ ಸಿಕ್ಕಿತು’ ಅಂತ. ಕೇಳಬೇಕಾದ್ದು ಬೇರೆ: ದ್ರೋಹ ನಡೆಯದೇ ಇದ್ದಿದ್ದರೂ ಈ ಕಥೆ ಹುಟ್ಟುತ್ತಿತ್ತೇ? ಒಂದು ಲೆಕ್ಕ ಹಾಕೋಣ, ಅಂಕಿಗಳು ಬರೀ ಅಂದಾಜಿನವು. ಮೊದಲಿಗೆ ದ್ರೋಹಕ್ಕೆ 50-50 ಅನ್ನಿ. ದ್ರೋಹ ನಿಜವಾಗಿದ್ದರೆ ಊರಲ್ಲಿ ಕಥೆ ಹಬ್ಬುವ ಸಾಧ್ಯತೆ 90%. ಸುಳ್ಳಾಗಿದ್ದರೆ? ಸೋತವರು ‘ನಮ್ಮವರೇ ಮೋಸ ಮಾಡಿದರು’ ಅನ್ನದ ಊರುಂಟೇ? 60% ಇಡೋಣ. ದ್ರೋಹ ನಿಜ, ಕಥೆಯೂ ಹಬ್ಬಿತು: 0.5 × 0.9 = 0.45. ದ್ರೋಹ ಸುಳ್ಳು, ಆದರೂ ಕಥೆ ಹಬ್ಬಿತು: 0.5 × 0.6 = 0.30. ಕಥೆ ಹಬ್ಬುವ ಒಟ್ಟು ಸಾಧ್ಯತೆ 0.75. 0.45 ಅನ್ನು 0.75ರಿಂದ ಭಾಗಿಸಿ: 60%. ಅಂದರೆ ಇಷ್ಟೆಲ್ಲ ಗದ್ದಲದ ಸಾಕ್ಷಿ ನಮ್ಮನ್ನು 50ರಿಂದ 60ಕ್ಕೆ ತಂದಿತು, ಅಷ್ಟೇ. ಫಿರಿಶ್ತಾನ ಮೌನಕ್ಕೂ ಇದೇ ತಕ್ಕಡಿ. ಗೆದ್ದವರ ಕಡೆಯ ಲೇಖಕ ‘ಎದುರಾಳಿಯ ಸೇನಾನಿಗಳು ಬಂದು ಗೆಲ್ಲಿಸಿದರು’ ಅಂತ ಬರೆಯುತ್ತಾನೆಯೇ? ದ್ರೋಹ ನಡೆದಿದ್ದರೂ ಅವನು ಸುಮ್ಮನಿರಬಹುದಿತ್ತು. ಹಾಗಾಗಿ ಅವನ ಮೌನವನ್ನು ಹಿಡಿದು ದ್ರೋಹ ಸುಳ್ಳು ಅನ್ನುವುದೂ ಆತುರ.

ಎರಡನೆಯ ಪ್ರಶ್ನೆಗೆ ಬನ್ನಿ, ನನಗೆ ಹೆಚ್ಚು ಕುತೂಹಲ ಇರುವುದು ಇಲ್ಲೇ. ಗೆದ್ದವರು ಆರು ತಿಂಗಳು ಅಲ್ಲೇ ಇದ್ದು ಮನೆಗಳ ಅಡಿಯಲ್ಲೆಲ್ಲ ಹಣ ಹುಡುಕಿದರು ಅಂತಲೂ ಫೆಡೆರಿಚಿಯೇ ಬರೆದಿದ್ದಾನೆ. ಊರು ಪೂರ್ತಿ ನಾಶವಾಗಿಲ್ಲ, ಮನೆಗಳು ನಿಂತಿವೆ, ಖಾಲಿ ಇವೆ ಅಂತಲೂ ಬರೆದಿದ್ದಾನೆ. ದ್ರೋಹಕ್ಕೆ ಅವನನ್ನು ಕೈಹಿಡಿದು ಕರೆತರುವವರು ಈ ಸಾಲು ಬಂದಾಗ ಕೈಬಿಡುತ್ತಾರೆ! ಅವನ ಪ್ರಕಾರ ರಾಮರಾಯನ ತಮ್ಮ ತಿರುಮಲ ವಾಪಸು ಬಂದು ಊರಿಗೆ ಜನ ತುಂಬಲು ನೋಡಿದ. ಗೋವೆಯ ಕಡೆಯ ವ್ಯಾಪಾರಿಗಳಿಗೆ, ಕುದುರೆ ತನ್ನಿ, ಯುದ್ಧದಲ್ಲಿ ಕಳೆದುಹೋದ ನನ್ನ ಮುದ್ರೆಯ ಕುದುರೆಗಳಿಗೂ ಬೆಲೆ ಕೊಡುತ್ತೇನೆ ಅಂದ. ತಂದರು. ಕಾಸು ಕೊಡದೆ ಕಳಿಸಿಬಿಟ್ಟ. ಆ ಕಾಲದ ಸೈನ್ಯ ನಿಂತದ್ದೇ ಸಮುದ್ರದಾಚೆಯಿಂದ ಬಂದ ಕುದುರೆಯ ಮೇಲೆ. ಹೀಗೆ ಮೋಸಹೋದ ವ್ಯಾಪಾರಿ ಮುಂದಿನ ವರ್ಷ ಕುದುರೆ ಹೊಡೆದುಕೊಂಡು ಬರುತ್ತಾನೆಯೇ? ಅದೇ 1567ರಲ್ಲಿ ಆಸ್ಥಾನ ಎಂಟು ದಿನದ ದಾರಿಯ ಪೆನುಕೊಂಡಕ್ಕೆ ಹೋಯಿತು. ರಾಜಧಾನಿ ಬಿದ್ದದ್ದರ ವಿವರಣೆಯಲ್ಲಿ ಖಜಾನೆ, ಕುದುರೆ, ನಂಬಿಕೆ ಈ ಮೂರೂ ಇರಬೇಕು. ದ್ರೋಹಕ್ಕೆ ಇಲ್ಲಿ ಕೆಲಸವೇ ಇಲ್ಲ.

ಮೂರನೆಯದು ಬೇಗ ಮುಗಿಯುತ್ತದೆ. ‘ಧರ್ಮ ಒಂದೇ, ಅದಕ್ಕೇ ಒಂದಾದರು’ ಅನ್ನುತ್ತಾರೆ. ಧರ್ಮ 1550ರಲ್ಲೂ ಒಂದೇ ಆಗಿತ್ತು. ಆಗ ಯಾಕೆ ಒಂದಾಗಲಿಲ್ಲ? ಬದಲಾಗದ ಕಾರಣ ಒಂದು ಬದಲಾವಣೆಯನ್ನು ಒಂಟಿಯಾಗಿ ವಿವರಿಸಲಾರದು. ಸಿಂಹಾಸನ ಏರುವ ಮೊದಲು ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾ ಏಳು ವರ್ಷ ವಿಜಯನಗರದಲ್ಲೇ ಆಶ್ರಯ ಪಡೆದಿದ್ದ. ಧರ್ಮ ಒಂದೇ ಆಗಿದ್ದರೂ ಇನ್ನೊಂದು ಸುಲ್ತಾನರ ರಾಜ್ಯವಾದ ಬೇರಾರ್ ಯುದ್ಧಕ್ಕೆ ಬರಲೇ ಇಲ್ಲ, 1574ರಲ್ಲಿ ಅದನ್ನು ಅಹಮದ್‌ನಗರ ನುಂಗಿತು. ಹಾಗಾದರೆ ಬದಲಾದದ್ದೇನು? ಸೊಲ್ಲಾಪುರದ ಕೋಟೆಗಾಗಿ ಬಿಜಾಪುರ, ಅಹಮದ್‌ನಗರ ದಶಕಗಳಿಂದ ಕಚ್ಚಾಡುತ್ತಿದ್ದವು. ಅಹಮದ್‌ನಗರದ ರಾಜಕುಮಾರಿ ಚಾಂದ್ ಬೀಬಿಯನ್ನು ಬಿಜಾಪುರದ ಸುಲ್ತಾನ ಅಲಿ ಆದಿಲ್ ಶಾಗೆ ಮದುವೆ ಮಾಡಿಕೊಟ್ಟಾಗ ಆ ಕೋಟೆ ಅವಳ ಜೊತೆ ಬಳುವಳಿಯಾಗಿ ಹೋಯಿತು. ಜಗಳದ ಕಾರಣವೇ ಮದುವೆಯಲ್ಲಿ ಕರಗಿತು. ಧರ್ಮದ ಮಾತು ಸೈನ್ಯ ಹುರಿದುಂಬಿಸಲು ಬಂದಿರಬಹುದು, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಒಟ್ಟಾದದ್ದು ಆಗಲೇ ಯಾಕೆ ಅನ್ನುವುದಕ್ಕೆ ಸೊಲ್ಲಾಪುರ ಬೇಕು.

ಇನ್ನು, ದ್ರೋಹದ 60% ಅನ್ನು 90ಕ್ಕೆ ಏರಿಸುವ ಆಸೆ ಇರುವವರಿಗೆ ಒಂದು ಕೆಲಸ ಹೇಳುತ್ತೇನೆ. ದ್ರೋಹಕ್ಕೆ ಬೆಲೆ ಇರುತ್ತದೆ, ಪ್ಲಾಸಿಯ ಮೀರ್ ಜಾಫರನಿಗೆ ನವಾಬಗಿರಿ ಸಿಕ್ಕ ಹಾಗೆ. ಅಷ್ಟು ದೊಡ್ಡ ಸೇನೆಯ ಇಬ್ಬರು ಸೇನಾನಿಗಳು ಪಕ್ಷ ಬದಲಿಸಿದ್ದರೆ 1565ರ ನಂತರದ ಕೆಲವೇ ವರ್ಷಗಳಲ್ಲಿ ನಾಲ್ಕು ಸುಲ್ತಾನರಲ್ಲಿ ಯಾರಾದರೊಬ್ಬರ ಕಡೆಯಿಂದ ಜಹಗೀರು, ಹುದ್ದೆ, ಫರ್ಮಾನು ಬಂದಿರಬೇಕು. ಫೆಡೆರಿಚಿ ಅವರಿಬ್ಬರ ಹೆಸರನ್ನೂ ಹೇಳುವುದಿಲ್ಲ. ಆದ್ದರಿಂದ ಮೊದಲು ಹುಡುಕಬೇಕಾದ್ದು ಯುದ್ಧದ ವರ್ಣನೆಯನ್ನಲ್ಲ, ಆ ವರ್ಷಗಳ ಭೂದಾನದ ಕಾಗದಗಳನ್ನು.