ಐದನೇ ಪುಸ್ತಕದಿಂದ ಶುರು ಮಾಡಿ

ಕೇಳುಗರಿಗೆ ನಮಸ್ಕಾರ. ಏಳು ಪುಸ್ತಕಗಳ ಸರಣಿಯಲ್ಲಿ ಐದನೆಯದನ್ನೇ ಮೊದಲು ಓದಿ ಅಂದರೆ, ಇವನಿಗೇನಾಯ್ತಪ್ಪಾ ಅನ್ನುತ್ತೀರಿ. ಆದರೂ ಇವತ್ತು ಅದನ್ನೇ ಹೇಳುವುದಕ್ಕೆ ಬಂದಿದ್ದೇನೆ.

ಪುಸ್ತಕದ ಹೆಸರು ‘ದಿ ಸೋರ್ಡ್ಸ್ ಆಫ್ ಲ್ಯಾಂಕ್ಮಾರ್’. ಬರೆದವರು ಅಮೆರಿಕದ ಫ್ರಿಟ್ಜ್ ಲೈಬರ್, ಬಂದದ್ದು 1968ರಲ್ಲಿ. ಕತ್ತಿಯೂ ಮಾಟವೂ ಕೂಡಿದ ಇಂಥ ಕಥೆಗಳಿಗೆ ‘ಸೋರ್ಡ್ ಅಂಡ್ ಸೋರ್ಸರಿ’ ಅನ್ನುವ ಹೆಸರು ಕೊಟ್ಟವರೂ ಇವರೇ. ಇವನ್ನು ಏನಂತ ಕರೆಯೋಣ ಅಂತ 1961ರಲ್ಲಿ ಮೈಕಲ್ ಮೂರ್‌ಕಾಕ್ ಅನ್ನುವ ಲೇಖಕರು ಕೇಳಿದ್ದರು, ಅದಕ್ಕೆ ಲೈಬರ್ ಕೊಟ್ಟ ಉತ್ತರ ಅದು.

ನಾಯಕರು ಇಬ್ಬರು. ಫಾಫರ್ಡ್ ಉತ್ತರದ ಹಿಮದ ನಾಡಿನವನು, ಆಜಾನುಬಾಹು. ಗ್ರೇ ಮೌಸರ್ ಗಿಡ್ಡ, ಚುರುಕು, ಸ್ವಲ್ಪ ಕಳ್ಳ. ಸ್ವಲ್ಪ ಏನು, ಇಬ್ಬರೂ ಕಳ್ಳರೇ! 1934ರಲ್ಲಿ ಲೈಬರ್ ಮತ್ತು ಅವರ ಗೆಳೆಯ ಹ್ಯಾರಿ ಫಿಶರ್ ಬರೆದುಕೊಂಡ ಕಾಗದಗಳಲ್ಲಿ ಹುಟ್ಟಿದ ಜೋಡಿ ಇದು. ಉದ್ದದವನಲ್ಲಿ ಲೈಬರ್ ಇದ್ದಾರೆ, ಗಿಡ್ಡನಲ್ಲಿ ಫಿಶರ್. ಇವರ ಕಥೆಗಳು 1939ರಿಂದ 1988ರವರೆಗೂ ಬಂದವು, ಆದರೆ ಎಲ್ಲಾ ಸಣ್ಣಕಥೆ, ನೀಳ್ಗತೆಗಳು. ಪೂರ್ತಿ ಕಾದಂಬರಿ ಅಂತ ಇರುವುದು ಇದೊಂದೇ.

ಕಥೆ ಶುರುವಾಗುವುದು ಕೂಲಿ ಕೆಲಸದಿಂದ. ಲ್ಯಾಂಕ್ಮಾರ್ ಪಟ್ಟಣದಿಂದ ಧಾನ್ಯ ಹೊತ್ತು ಹೋದ ಹಡಗುಗಳು ಕಾಣೆಯಾಗಿವೆ. ಈ ಸಲ ಕಾವಲಿಗೆ ಇವರಿಬ್ಬರು. ಹಡಗಿನಲ್ಲಿ ಧಾನ್ಯದ ವ್ಯಾಪಾರಿಯ ಮಗಳು ಹಿಸ್ವೆಟ್ ಇದ್ದಾಳೆ, ಅವಳ ಜೊತೆ ಪಳಗಿಸಿದ ಬಿಳಿ ಇಲಿಗಳು. ಧಾನ್ಯ ಇರುವ ಹಡಗಿಗೆ ಯಾರಾದರೂ ಇಲಿ ಹತ್ತಿಸಿಕೊಳ್ಳುತ್ತಾರಾ? ಅಟ್ಟದ ಮೇಲೆ ಅಕ್ಕಿ ಮೂಟೆ ಇಟ್ಟ ನಮ್ಮಜ್ಜಿಯಾಗಿದ್ದರೆ ಹಡಗು ಬಿಡೋಕೇ ಬಿಡುತ್ತಿರಲಿಲ್ಲ. ಈ ಇಬ್ಬರು ಶೂರರು ಮಾತ್ರ ಹುಡುಗಿಯನ್ನು ನೋಡಿಕೊಂಡೇ ಕೂತಿರುತ್ತಾರೆ.

ಮುಂದೆ ಇಲಿಗಳು ಇಡೀ ಪಟ್ಟಣದ ಮೇಲೆಯೇ ಏರಿ ಬರುತ್ತವೆ. ಅವು ಬುದ್ಧಿ ಇರುವ ಇಲಿಗಳು, ನೆಲದಡಿ ಅವುಗಳದೇ ಒಂದು ಲ್ಯಾಂಕ್ಮಾರ್ ಇದೆ. ಮೌಸರ್ ಮದ್ದು ಕುಡಿದು ಇಲಿಯಷ್ಟಾಗಿ ಅಲ್ಲಿಗೆ ನುಸುಳುತ್ತಾನೆ. ಮೌಸರ್ ಅಂದರೆ ಇಲಿ ಹಿಡಿಯುವವನು, ಅವನ ಕಠಾರಿಯ ಹೆಸರು ಬೆಕ್ಕಿನುಗುರು, ಅಂಥವನು ಈಗ ಇಲಿಗಳ ನಡುವೆ ಅವುಗಳಂತೆಯೇ ನಟಿಸಿಕೊಂಡು, ಯಾರಾದರೂ ಗುರುತು ಹಿಡಿದಾರು ಅಂತ ಎದೆ ಹೊಡೆದುಕೊಳ್ಳುತ್ತಾ ನಡೆಯಬೇಕು. ಇಡೀ ಪುಸ್ತಕದಲ್ಲಿ ನನಗೆ ಜಾಸ್ತಿ ಇಷ್ಟವಾದ ಭಾಗ ಇದೇ. ನಗುವೂ ಬರುತ್ತದೆ, ಮೈಯೂ ಜುಮ್ಮೆನ್ನುತ್ತದೆ. ಫಾಫರ್ಡ್ ಆ ಹೊತ್ತಿಗೆ ಎಲ್ಲೋ ದೂರದಲ್ಲಿ, ಮಾಂಸ ಗಾಜಿನಂತೆ ಪಾರದರ್ಶಕವಾಗಿ ಮೂಳೆ ಮಾತ್ರ ಕಾಣುವ ಒಬ್ಬ ಹೆಣ್ಣಿನ ಪ್ರೀತಿಯಲ್ಲಿ ಬಿದ್ದಿರುತ್ತಾನೆ.

ಎಲ್ಲವೂ ಚೆನ್ನಾಗಿದೆ ಅಂತ ಹೇಳುವುದಿಲ್ಲ. ಹೆಂಗಸರನ್ನು ಬರೆದಿರುವ ರೀತಿ ಹಳೆಯದು, ಅರಮನೆಯಲ್ಲಿ ದಾಸಿಯರನ್ನು ಹಿಂಸಿಸುವ ಕೆಲವು ಪುಟಗಳನ್ನಂತೂ ನಾನು ಬೇಗಬೇಗ ತಿರುವಿದೆ.

ಹಾಗಾದರೆ ಐದನೆಯದರಿಂದಲೇ ಯಾಕೆ? ಈ ಸರಣಿಯ ಸಂಖ್ಯೆಗಳು ಕಥೆ ನಡೆಯುವ ಕ್ರಮದವು, ಬರೆದ ಕ್ರಮದವಲ್ಲ. ಒಂದನೇ ಪುಸ್ತಕದಲ್ಲಿ ಇವರಿಬ್ಬರು ಮೊದಲ ಸಲ ಸೇರುವ ಪ್ರಸಿದ್ಧ ಕಥೆ ಇದೆಯಲ್ಲ, ಹ್ಯೂಗೋ, ನೆಬ್ಯುಲಾ ಎರಡೂ ಪ್ರಶಸ್ತಿ ಗೆದ್ದದ್ದು, ಅದು ಅಚ್ಚಾದದ್ದು 1970ರಲ್ಲಿ. ಈ ಕಾದಂಬರಿ ಬಂದು ಎರಡು ವರ್ಷ ಆದಮೇಲೆ. ಇಲಿಗಳ ಕಥೆ ಮುಗಿಸಿ ಅದನ್ನು ಓದಿ. ನಮಸ್ಕಾರ.