ಬೋರ್ಡಿನ ಪಟ್ಟಿ ಆಮೇಲೆ ಬರಲಿ

ಕೇಳುಗರಿಗೆ ನಮಸ್ಕಾರ.

ಕಾಲೇಜಿನಲ್ಲಿ ಸ್ಪ್ಯಾನಿಷ್ ಕಲಿಸಲು ಶುರು ಮಾಡಿದ ಹೊಸತರಲ್ಲಿ ನಾನು ಬೋರ್ಡಿನ ತುಂಬ ಕ್ರಿಯಾಪದದ ರೂಪಗಳನ್ನು ಬರೆಯುತ್ತಿದ್ದೆ. ಆಬ್ಲೊ, ಆಬ್ಲಾಸ್, ಆಬ್ಲಾ. ಅಂದರೆ ಮಾತಾಡುತ್ತೇನೆ, ಮಾತಾಡುತ್ತೀಯ, ಮಾತಾಡುತ್ತಾನೆ. ಹುಡುಗರು ಚೆನ್ನಾಗಿಯೇ ಬಾಯಿಪಾಠ ಮಾಡಿದರು. ಮೂರನೇ ವಾರ ಒಬ್ಬನನ್ನು 'ಕೋಮೊ ತೆ ಯಾಮಾಸ್?' ಅಂತ ಕೇಳಿದೆ. ನಿನ್ನ ಹೆಸರೇನು, ಅಷ್ಟೇ. ಅವನು ಸುಮ್ನೆ ಬೋರ್ಡ್ ನೋಡುತ್ತಾ ನಿಂತ. 'ಮಾತಾಡು' ಅನ್ನುವುದರ ಆರೂ ರೂಪ ಬಲ್ಲವನಿಗೆ ಮಾತೇ ಹೊರಡಲಿಲ್ಲ. ತಪ್ಪು ನನ್ನದೇ.

ಈಗ ಪಾಠ ತಯಾರಿಗೆ ಕೂತಾಗ ಮೊದಲು ಒಂದು ಸಾಲು ಬರೆದುಕೊಳ್ಳುತ್ತೇನೆ: ಗಂಟೆ ಹೊಡೆಯುವಷ್ಟರಲ್ಲಿ ಇವರ ಬಾಯಲ್ಲಿ ಯಾವ ಮಾತು ಬರಬೇಕು? ಆ ಮಾತಿಗೆ ಬೇಕಾದಷ್ಟೇ ವ್ಯಾಕರಣ.

ಇನ್ನೊಂದು ವಿಷಯ. ಕನ್ನಡ ಬಲ್ಲವರಿಗೆ ಸ್ಪ್ಯಾನಿಷ್ ಕಲಿಸುವಾಗ ಇಂಗ್ಲಿಷಿನ ಬಾಗಿಲಿಂದಲೇ ಯಾಕೆ ಹೋಗಬೇಕು? 'ಗುಸ್ತಾರ್', ಅಂದರೆ 'ಹಿಡಿಸು', ಅನ್ನುವ ಕ್ರಿಯಾಪದ ನೋಡಿ. ಇಂಗ್ಲಿಷಿನ ಜಾಡು ಹಿಡಿದವರು 'ನಾನು' ಅಂತ ಶುರುಮಾಡಿ ಅಲ್ಲೇ ಮುಗ್ಗರಿಸುತ್ತಾರೆ. ಕನ್ನಡದಲ್ಲಿ 'ನನಗೆ ಪುಸ್ತಕ ಹಿಡಿಸುತ್ತದೆ' ಅನ್ನುತ್ತೇವೆ. ಸ್ಪ್ಯಾನಿಷಿನಲ್ಲೂ ಹಾಗೇ, 'ಮೆ ಗುಸ್ತಾ ಎಲ್ ಲಿಬ್ರೊ'. ಪುಸ್ತಕಗಳಾದರೆ 'ಹಿಡಿಸುತ್ತವೆ', ಅಲ್ಲಿ 'ಗುಸ್ತಾನ್'. ಇಷ್ಟು ಹೇಳಿದರೆ ಸಾಕು, ತರಗತಿ ಅರ್ಧ ಗಂಟೆ ಮುಂದಕ್ಕೆ ಹೋಗಿರುತ್ತದೆ. 'ತೂ' ಮತ್ತು 'ಉಸ್ತೆದ್' ಕೂಡ ಅಷ್ಟೇ, ನಮ್ಮ ನೀನು, ನೀವು. ಆದರೆ ಯಾವುದನ್ನು ಯಾರಿಗೆ ಬಳಸುತ್ತಾರೆ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ.

ಕಷ್ಟ ಇರುವುದು 'ಸೆರ್' ಮತ್ತು 'ಎಸ್ತಾರ್' ಹತ್ತಿರ. ಎರಡೂ 'ಇರು' ಅನ್ನುವ ಅರ್ಥದವೇ. 'ಎಸ್ತಾರ್' ಬಳಸಿ 'ಎಸ್ತೊಯ್ ಅಬುರ್ರಿದೊ' ಅಂದರೆ ನನಗೆ ಬೇಜಾರಾಗಿದೆ. 'ಸೆರ್' ಬಳಸಿ 'ಸೊಯ್ ಅಬುರ್ರಿದೊ' ಅಂದರೆ ನಾನೇ ಬೋರ್ ಹೊಡೆಸುವ ಮನುಷ್ಯ! ಈ ತಮಾಷೆ ಒಂದು ಸಲ ಕೇಳಿದವರು ಮರೆಯುವುದಿಲ್ಲ.

'ಎಸ್ತಾರ್'ಗೆ ನಾನು ಮಾಡಿಸುವ ಆಟ ಹೀಗಿದೆ. ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಾರೆ. ಒಬ್ಬರ ಕೈಯಲ್ಲಿ ಕೋಣೆಯ ಚಿತ್ರ, ಇನ್ನೊಬ್ಬರ ಹತ್ತಿರ ಖಾಲಿ ಹಾಳೆ. 'ದೋಂದೆ ಎಸ್ತಾ ಎಲ್ ಗಾತೊ?' ಬೆಕ್ಕು ಎಲ್ಲಿದೆ? ಕೇಳಿ ಕೇಳಿ ಬಿಡಿಸಬೇಕು. ಚಿತ್ರ ತೋರಿಸುವಂತಿಲ್ಲ. ಕೇಳದೆ ಗತಿಯಿಲ್ಲ, ಅಲ್ವಾ? ಬರೀ ಸಂಭಾಷಣೆ ಓದಿಸಿದರೆ ಈ ಗರಜು ಹುಟ್ಟುವುದಿಲ್ಲ. ಮಧ್ಯೆ ತಪ್ಪು ಕೇಳಿಸಿದರೆ ನಾನು ಬಾಯಿ ಹಾಕುವುದಿಲ್ಲ. ಚೀಟಿಯಲ್ಲಿ ಗುರುತು ಮಾಡಿಕೊಂಡು ಕೊನೆಯ ಐದು ನಿಮಿಷದಲ್ಲಿ, ಹೆಸರು ಹೇಳದೆ, ಬೋರ್ಡಿಗೆ ಹಾಕುತ್ತೇನೆ.

ಆಟ ಮುಗಿದ ಮೇಲೆ ಎರಡೂ ಹಾಳೆ ಪಕ್ಕಪಕ್ಕ ಇಡುತ್ತಾರೆ. ಒಂದರಲ್ಲಿ ಬೆಕ್ಕು ಮೇಜಿನ ಕೆಳಗೆ, ಇನ್ನೊಂದರಲ್ಲಿ ಮೇಲೆ. 'ನೋ, ನೋ! ದೆಬಾಹೊ ದೆ ಲಾ ಮೆಸಾ!', ಅಂದರೆ ಮೇಜಿನ ಕೆಳಗೆ, ಅಂತ ಕೂಗುವವಳು ಸಾಮಾನ್ಯವಾಗಿ ಹಿಂದಿನ ಬೆಂಚಿನ, ಬಾಯಿ ಬಿಡದ ಹುಡುಗಿ. ಆ ಹೊತ್ತಿಗೆ ನಾನು ಕೈ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿರುತ್ತೇನೆ.