ಹತಾರಕ್ಕೊಂದು ಜಾಗ

ಕೇಳುಗರೇ, ನಮಸ್ಕಾರ.

ಮರಗೆಲಸದ ಹತಾರಗಳನ್ನೆಲ್ಲ ಒಂದೇ ಪೆಟ್ಟಿಗೆಗೆ ತುಂಬಿಡುವವರು ಬಹಳ ಜನ. ಹುಡುಕಾಟ ಒಂದು ಕಡೆ ಇರಲಿ, ಉಳಿಯ ಬಾಯಿ ಸುತ್ತಿಗೆಗೆ ತಾಗಿ ಮುಕ್ಕಾಗುತ್ತದೆ. ಮಸೆದದ್ದೆಲ್ಲ ಸುಮ್ನೆ ಹೋಯಿತು ಅಲ್ವಾ? ಕೆಲಸದಲ್ಲಿ ಮಿಕ್ಕ ಪ್ಲೈವುಡ್ ತುಂಡುಗಳಲ್ಲೇ ಒಂದೊಂದಕ್ಕೂ ಜಾಗ ಮಾಡಿಕೊಡಬಹುದು.

ನನ್ನನ್ನು ಕೇಳಿದರೆ, ಮೊದಲು ಮಾಡಬೇಕಾದ್ದು ಹತಾರದ ಗೂಡುಗಳನ್ನು ನೇತುಹಾಕಲು ಗೋಡೆಗೆ ಓರೆಪಟ್ಟಿ. ಫ್ರೆಂಚ್ ಕ್ಲೀಟ್ ಅಂತಲೂ ಕರೆಯುತ್ತಾರೆ. 18 ಮಿಲಿಮೀಟರ್ ದಪ್ಪದ ಪ್ಲೈವುಡ್‌ನಲ್ಲಿ ಅಂಗೈ ಅಗಲದ ಉದ್ದ ಪಟ್ಟಿ ತೆಗೆದುಕೊಳ್ಳಿ. ಗರಗಸವನ್ನು 45 ಡಿಗ್ರಿ ವಾಲಿಸಿ, ಪಟ್ಟಿಯನ್ನು ಉದ್ದಕ್ಕೂ ನಡುವೆ ಸೀಳಿ. ಓರೆ ಅಂಚಿನ ಎರಡು ಪಟ್ಟಿ ಸಿಗುತ್ತವೆ. ಒಂದನ್ನು ಗೋಡೆಗೆ ಬಿಗಿಯಿರಿ. ಓರೆ ಅಂಚು ಮೇಲಕ್ಕಿರಲಿ, ಅದರ ಇಳಿಜಾರು ಗೋಡೆಯ ಕಡೆಗಿರಲಿ. ಇನ್ನೊಂದನ್ನು ತಲೆಕೆಳಗು ಮಾಡಿ, ನೇತುಹಾಕುವ ಗೂಡಿನ ಬೆನ್ನಿಗೆ ಹೊಡೆಯಿರಿ. ಮೇಲಿಂದ ಇಳಿಸಿದರೆ ಎರಡೂ ಕಚ್ಚಿಕೊಳ್ಳುತ್ತವೆ. ಗೂಡಿನ ಭಾರವೇ ಅದನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಜಾಗ ಬದಲಿಸಬೇಕೆನಿಸಿದರೆ ಎತ್ತಿ ಪಕ್ಕಕ್ಕೆ ಇಟ್ಟರಾಯಿತು, ಒಂದು ಸ್ಕ್ರೂ ಕೂಡ ಬಿಚ್ಚಬೇಕಿಲ್ಲ. ಈ ಅನುಕೂಲಕ್ಕಾಗಿಯೇ ನನಗೆ ಇದು ಅಷ್ಟು ಇಷ್ಟ.

ಮೂರು ಮಾತು ನೆನಪಿಡಿ. ಗೂಡಿನ ಬೆನ್ನಿನ ಕೆಳಭಾಗಕ್ಕೂ ಅಷ್ಟೇ ದಪ್ಪದ ತುಂಡು ಹಚ್ಚಿ, ಇಲ್ಲದಿದ್ದರೆ ಗೂಡು ವಾಲುತ್ತದೆ. ಗೂಡಿನ ಪಟ್ಟಿಯ ಚೂಪು ತುದಿಯನ್ನು ಸ್ವಲ್ಪ ಕೀಸಿ ಮೊಂಡು ಮಾಡಿ. ಸಂದಿಯಲ್ಲಿ ಮರದ ಪುಡಿ ಸೇರಿದರೂ ಆಗ ಪಟ್ಟಿ ಸರಿಯಾಗಿ ಕೂರುತ್ತದೆ. ಇಟ್ಟಿಗೆ ಗೋಡೆಯಾದರೆ ಸ್ಕ್ರೂ ಬರೀ ಗಾರೆಯಲ್ಲಿ ನಿಲ್ಲಬಾರದು. ಇಟ್ಟಿಗೆಯೊಳಕ್ಕೆ ತೂತು ಕೊರೆದು, ಸ್ಕ್ರೂ ಹಿಡಿಯುವ ಗೋಡೆ ಪ್ಲಗ್ ಹಾಕಿಯೇ ಬಿಗಿಯಿರಿ.

ಇನ್ನು ಉಳಿಗಳ ಗೂಡು. ಹಲಗೆಯ ಮುಂದಿನ ಅಂಚಿನಿಂದ ಒಳಕ್ಕೆ ಸೀಳುಗಂಡಿ ಮಾಡಿದರೆ, ಉಳಿಯನ್ನು ಪೂರ್ತಿ ಮೇಲೆತ್ತದೆ ಮುಂದಕ್ಕೆಳೆದು ತೆಗೆಯಬಹುದು. ಅದರ ಬಾಯಿ ಕೈಗೆ ತಾಗದಂತೆ ಕೆಳಗಡೆ ಮುಂದೊಂದು ಅಡ್ಡಪಟ್ಟಿ ಮಾತ್ರ ಇರಲೇಬೇಕು.

ಡ್ರಿಲ್ ಬಿಟ್‌ಗಳಿಗೆ ಒಂದು ಮರದ ದಿಮ್ಮಿ ಸಾಕು. 6 ಮಿಲಿಮೀಟರ್ ಬಿಟ್‌ಗೆ ಆರೂವರೆಯ ತೂತು ಕೊರೆಯಿರಿ. ತೇವಕ್ಕೆ ಮರ ಉಬ್ಬಿದಾಗ ಬಿಗಿ ತೂತು ಬಿಟ್ಟನ್ನು ಹಿಡಿದುಕೊಳ್ಳುತ್ತದೆ. ಪಕ್ಕದಲ್ಲೇ ಅಳತೆ ಬರೆದಿಡಿ.

ಸ್ಕ್ರೂ, ಮೊಳೆಗಳಿಗೆ ಖಾಲಿ ಬಾಟಲಿ ಒಳ್ಳೆಯದು. ಪ್ಲಾಸ್ಟಿಕ್ಕಿನದಾದರೆ ಬಿದ್ದರೂ ಒಡೆಯುವುದಿಲ್ಲ. ಮುಚ್ಚಳವನ್ನು ಶೆಲ್ಫಿನ ಅಡಿಗೆ ಬಿಗಿದು, ಬಾಟಲಿಯನ್ನು ಅದಕ್ಕೆ ತಿರುಗಿಸಿ ಹಾಕಿ. ಮುಚ್ಚಳಕ್ಕೆ ಎರಡು ಸ್ಕ್ರೂ ಬೇಕು. ಒಂದೇ ಇದ್ದರೆ ಬಾಟಲಿ ಬಿಚ್ಚುವಾಗ ಮುಚ್ಚಳವೂ ಜೊತೆಗೆ ತಿರುಗುತ್ತದೆ.

ನಮಸ್ಕಾರ.